ಮೂಲೆಯ ಕಂಪ್ಯೂಟರಿನ ಪಾಲು

ಸದಾಶಿವಗಡದ ಪೂರ್ಣಿಮಾಗೆ ಸ್ವಂತವಾಗಿ ಸಿಕ್ಕ ಮೊದಲ ಕೆಲಸ, ಅಂಕೋಲೆಯ ಒಣಮೀನು ಮಾರುವ ಹೆಂಗಸರ ಸಂಘದ ವೆಬ್‌ಸೈಟು. ಅದು 2007ರ ಏಪ್ರಿಲ್. ಅವಳ ಮನೆಯ ಕಂಪ್ಯೂಟರಿನಲ್ಲಿ, ಫೈರ್‌ಫಾಕ್ಸಿನಲ್ಲಿ, ಎಡಗಡೆ ಮೀನಿನ ಚಿತ್ರ, ಬಲಗಡೆ ಹೆಂಗಸರ ಹೆಸರು, ಫೋನ್ ನಂಬರು. ಎಷ್ಟು ಚೆಂದ ಕೂತಿತ್ತೆಂದರೆ, ಬೇರೆ ಬ್ರೌಸರಿನಲ್ಲಿ ತೆರೆದು ನೋಡುವ ಗೋಜಿಗೇ ಅವಳು ಹೋಗಲಿಲ್ಲ. ಅಲ್ಲೇ ಕೆಟ್ಟಿತು.

ಶನಿವಾರ ಬೆಳಿಗ್ಗೆ ಅಂಕೋಲೆಗೆ ಬಂದು ಸಂಘದ ಕಂಪ್ಯೂಟರಿನಲ್ಲಿ ಪುಟ ತೆರೆದಳು. ಅದರಲ್ಲಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಹಳೆಯ ಆರನೇ ಆವೃತ್ತಿ. ಹೆಸರುಗಳು ಚಿತ್ರದ ಪಕ್ಕದಲ್ಲಿರದೆ ಪುಟದ ಬುಡಕ್ಕೆ ಬಿದ್ದಿದ್ದವು.

"ತಂಗೀ, ನಾವೆಲ್ಲ ಎಲ್ ಹೋದ್ವೆ? ಮೀನ್ ಮಾತ್ರ ಕಾಣ್ತದೆ" ಎಂದಳು ಸಂಘದ ಅಧ್ಯಕ್ಷೆ ಕಮಲಿ.

ಆ ಕಂಪ್ಯೂಟರನ್ನು ಸಂಘಕ್ಕೆ ಕೊಟ್ಟವನು ಮಡಗಾಂವಿನ ವ್ಯಾಪಾರಿ. ಅದರ ಜೋಡಿ, ಅಂಥದ್ದೇ ಇನ್ನೊಂದು, ಇನ್ನೂ ಅವನ ಅಂಗಡಿಯಲ್ಲಿತ್ತು. ಇವತ್ತು ಮಧ್ಯಾಹ್ನ ಅವನು ಈ ಪುಟ ನೋಡಿ, ಮಳೆಗಾಲದ ಸರಕನ್ನು ಇವರಿಂದ ಕೊಳ್ಳುವುದೋ ಬೇಡವೋ ಎಂದು ಹೇಳುವವನಿದ್ದ. ಅಲ್ಲೂ ಹೀಗೇ ಕಂಡರೆ ಮುಗಿಯಿತು ಕತೆ.

ಸಂಘದ ಇಂಟರ್ನೆಟ್ಟೋ, ಫೋನು ಬಂದಾಗೆಲ್ಲ ಕಡಿಯುವಂಥದ್ದು. ಕಮಲಿ ಅವಳ ಕೈ ಹಿಡಿದು ಕಿಶೋರನ ಸೈಬರ್ ಕೆಫೆಗೆ ಎಳೆದುಕೊಂಡು ಹೋದಳು. ವಿಷಯ ಕೇಳಿದ ಆ ಪುಣ್ಯಾತ್ಮ ಗಿರಾಕಿಗಳ ಕಡೆ ತಿರುಗಿ, "ಎಲ್ಲರೂ ಈ ಸೈಟ್ ಒಂದ್ಸಲ ತೆಗೀರಿ, ಹೆಂಗ್ ಕಾಣ್ತದೆ ಹೇಳಿ" ಅಂದ. ಅಲ್ಲಿ ಒಂದೊಂದು ಕಂಪ್ಯೂಟರಿಗೆ ಒಂದೊಂದು ಬ್ರೌಸರ್. ಮೂಲೆಯಲ್ಲಿ ಸಂಘದ ಕಂಪ್ಯೂಟರಿನ ಒಡಹುಟ್ಟಿನಂಥ, ಅದೇ ಎಕ್ಸ್‌ಪ್ಲೋರರಿನ ಹಳೇ ಪೆಟ್ಟಿಗೆ.

"ಇಲ್ ಸಮಾ ಅದೆ."

"ಇಲ್ಲೂ ಸಮಾ ಅದೆ."

"ಈ ಮೂಲೇಲಿ ಹೆಸರು ಕೆಳಗ್ ಬಿದ್ದದೆ."

ಪೂರ್ಣಿಮಾ ಹೆಸರುಗಳ ಅಂಕಣವನ್ನು ಕಿರಿದು ಮಾಡಿದಳು. ಮೂಲೆಯಲ್ಲಿ ಸರಿಹೋಯಿತು, ಉಳಿದೆಡೆ ನಂಬರುಗಳು ಮುರಿದು ಎರಡು ಸಾಲಾದವು. ಅದನ್ನು ಸರಿಮಾಡಿದರೆ ಇದು ಕೆಡುತ್ತದೆ, ಇದನ್ನು ಸರಿಮಾಡಿದರೆ ಅದು. "ಎಲ್ಲಾ ಬ್ರೌಸರಿಗೂ ಒಂದೇ ನಿಯಮ ಅಂತ ಬರ್ದಿಟ್ಟಾರೆ, ಅದರಂಗೆ ನಡೀಲಿಕ್ಕೆ ಏನ್ ಧಾಡಿ ಇದ್ಕೆ?" ಎಂದು ಮೂಲೆಯ ಪೆಟ್ಟಿಗೆಗೆ ಬಾಯಿಗೆ ಬಂದಂತೆ ಬೈದಳು. ಬೈಯದೆ ಇನ್ನೇನು ಮಾಡುತ್ತಾಳೆ, ಪಾಪ.

ಆ ಪೆಟ್ಟಿಗೆಯ ಮುಂದೆ ಕೂತಿದ್ದ ಪ್ರಣಿತಾ ಎಂಬ ಕಾಲೇಜು ಹುಡುಗಿ, "ಅಕ್ಕಾ, ಇದ್ರಲ್ಲಿ ಎಡಗಡೆ ಜಾಗ ಹೆಚ್ಚು ಬಿಟ್ಕೊಂಡದೆ ನೋಡಿ" ಅಂದಳು. ಹೌದು. ಪೂರ್ಣಿಮಾ ಅಂಚಿಗೆಂದು ಬಿಟ್ಟ ಜಾಗವನ್ನು ಹಳೆಯ ಬ್ರೌಸರ್ ಇಮ್ಮಡಿ ಮಾಡಿಕೊಂಡು, ಹೆಸರುಗಳಿಗೆ ಜಾಗ ಸಾಲದೆ ಕೆಳಕ್ಕೆ ದೂಡಿತ್ತು. ಹಿಂದೆಂದೋ ಓದಿದ್ದ ಉಪಾಯ ಅವಳಿಗೆ ನೆನಪಾಯಿತು. ಅಂಕಣವನ್ನು ಮೊದಲಿನಷ್ಟೇ ಅಗಲ ಮಾಡಿ, ಒಂದೇ ಒಂದು ಸಾಲು ಸೇರಿಸಿದಳು.

"ಸಮಾ ಅದೆ" ಎಂದರು ಎಲ್ಲರೂ. ಮೂಲೆಯಿಂದಲೂ ಅದೇ ಮಾತು ಬಂತು.

ಊಟದ ಹೊತ್ತಿಗೆ ಕಮಲಿಗೆ ವ್ಯಾಪಾರಿಯ ಫೋನು. ಹೆಸರೆಲ್ಲ ನೋಡಿದನಂತೆ, ಸರಕು ಬೇಕಂತೆ. ಕಮಲಿ ಸಂತೆಗೆಂದು ತಂದಿದ್ದ ಬುಟ್ಟಿ ಬಿಚ್ಚಿ, ಒಣ ಬಂಗಡೆಯನ್ನು ಅಲ್ಲೇ ನೆಲದ ಮೇಲೆ ಪಾಲು ಹಾಕತೊಡಗಿದಳು. ಕಿಶೋರನಿಗೆ, ಪ್ರಣಿತಾಗೆ, ಪುಟ ತೆರೆದು ನೋಡಿದ ಪ್ರತಿಯೊಬ್ಬರಿಗೆ. ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಕೊಡುವುದು ಅವರ ಪದ್ಧತಿ, ಬೇಡವೆಂದವರು ಬೈಸಿಕೊಳ್ಳಬೇಕು. ಕೆಫೆ ತುಂಬ ಮೀನಿನ ವಾಸನೆ ಎದ್ದರೂ ಕಿಶೋರ ಗೊಣಗದೆ ಕಟ್ಟಲು ಹಳೇ ಪೇಪರ್ ತಂದುಕೊಟ್ಟ.

ಕೊನೆಗೆ ಒಂದು ಪಾಲು ಉಳಿಯಿತು.

"ಇದು ಯಾರದ್ದು ಕಮಲಕ್ಕ?" ಎಂದಳು ಪೂರ್ಣಿಮಾ.

"ಆ ಮೂಲೆ ಪೆಟ್ಟಿಗೇದು. ಬಲೆಗೂ ಒಂದ್ ಪಾಲು ಇರ್ತದಲ್ಲೆ? ಅದು ಇಲ್ದಿದ್ರೆ ತಪ್ಪು ಎಲ್ ಸಿಗ್ತಿತ್ತು ನಿಂಗೆ?"

ಪೂರ್ಣಿಮಾ ನಗಲು ಹೋದಳು, ಕಣ್ಣು ತುಂಬಿ ಬಂತು. ಪೊಟ್ಟಣವನ್ನು ತಾನೇ ಎತ್ತಿ ಹಳೇ ಪೆಟ್ಟಿಗೆಯ ತಲೆಯ ಮೇಲಿಟ್ಟು, "ಬೈದದ್ದು ಮನಸ್ಸಿಗೆ ಹಚ್ಕೋಬೇಡ ಮಾರಾಯಾ" ಎಂದು ಮೆಲ್ಲಗೆ ಹೇಳಿದಳು.