ಒಂಬತ್ತು ದಿನದ ಸೊನ್ನೆ

ಆರೋಗ್ಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಲೆಕ್ಕದ ಮೇಡಂ ಅನ್ನುತ್ತಿದ್ದರು. ಮಕ್ಕಳಲ್ಲಿ ಗಂಟಲುಮಾರಿ ಹಬ್ಬಿದಾಗ, ಒಬ್ಬರಿಂದ ಎಷ್ಟು ಜನಕ್ಕೆ ಅಂಟುತ್ತದೆ, ಮುಂದಿನ ವಾರ ಎಷ್ಟು ಹಾಸಿಗೆ ಬೇಕು ಎಂದು ಗಣಿತದ ಮಾದರಿ ಕಟ್ಟಿ ಹೇಳುವುದು ಅವಳ ಕೆಲಸ. ರೋಗ ಇಳಿಯುತ್ತಿದೆ ಎಂದು ಅವಳು ಬರೆದುಕೊಟ್ಟಳು. ಕಚೇರಿಯ ಸಾಹೇಬರು ಮುಚ್ಚಿದ್ದ ಶಾಲೆಗಳನ್ನು ಸೋಮವಾರವೇ ತೆರೆಸಿದರು.

ಅಂದು ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. ವಾರ್ಡ್ ತುಂಬಿಹೋಗಿತ್ತು. ಲೆಕ್ಕದ ಮೇಡಂ ಲ್ಯಾಬಿಗೆ ಓಡಿದಳು.

"ಒಂಬತ್ತು ದಿನದಿಂದ ಸೊನ್ನೆ ಕಳಿಸಿದ್ದೀರಲ್ಲ, ಒಂದು ಕೇಸೂ ಸಿಕ್ಕಿಲ್ವಾ?"

"ಎಲ್ಲಿಂದ ಸಿಗುತ್ತೆ ಮೇಡಂ?" ಅಂದ ಲ್ಯಾಬಿನವನು. "ಪರೀಕ್ಷೆ ಮಾಡೋ ಕಿಟ್ಟೇ ಮುಗಿದಿದೆ. ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ, ಅದಕ್ಕೇ ಸೊನ್ನೆ ಹೊಡೆದೆ."

ಅವಳು ಪರದೆಯ ಮೇಲೆ ಗೆರೆ ಇಳಿಯುವುದನ್ನು ನೋಡಿ ಹಿಗ್ಗಿದ್ದಳೇ ಹೊರತು ಯಾಕೆಂದು ಕೇಳಿರಲಿಲ್ಲ. ಕೂಡಲೇ ಸಾಹೇಬರಿಗೆ ಫೋನ್ ಮಾಡಿ, ಶಾಲೆ ಮುಚ್ಚಿಸಿ ಅಂದಳು.

"ನಿನ್ನ ಸಹಿ ನಂಬಿಕೊಂಡೇ ಮೇಲಿನವರಿಗೆ ಹೇಳಿದ್ದು. ಈಗ ಉಲ್ಟಾ ಹೊಡೆದ್ರೆ ಹೇಗಮ್ಮ? ನಾಲ್ಕು ದಿನ ನೋಡೋಣ," ಎಂದು ಸಾಹೇಬರು ಫೋನ್ ಇಟ್ಟರು.

ಅಣ್ಣನ ಮಗಳ ಶಾಲೆ ಹತ್ತಿರದಲ್ಲೇ ಇತ್ತು. ಗೇಟಿಗೆ ಅಡ್ಡ ನಿಂತು ಕೂಗಿದಳು: "ಮಕ್ಕಳನ್ನ ವಾಪಸ್ ಕರ್ಕೊಂಡು ಹೋಗಿ! ನನ್ನ ಲೆಕ್ಕ ತಪ್ಪಾಗಿದೆ!"

"ಹಾಗಾದ್ರೆ ಒಳಗೆ ಮೇಷ್ಟ್ರಿದಾರೆ, ಹೋಗಿ ಹೇಳಿಸ್ಕೊಳ್ಳಿ," ಅಂದ ಒಬ್ಬ ಅಪ್ಪ. ನಾಲ್ಕಾರು ಜನ ನಕ್ಕರು. ಕೆಲವರು ಮಕ್ಕಳ ಕೈ ಹಿಡಿದು ಹಿಂದಿರುಗಿದರು. ಉಳಿದವರಿಗೆ ಕೆಲಸಕ್ಕೆ ಹೊತ್ತಾಗಿತ್ತು. ಅವಳನ್ನು ತಳ್ಳಿಕೊಂಡೇ ಹೋದರು.

ಮಗಳನ್ನು ಒಳಗೆ ಬಿಟ್ಟು ಹೊರಬಂದ ಅತ್ತಿಗೆ ಅಲ್ಲೇ ನಿಂತುಬಿಟ್ಟಳು. "ನಿನ್ನೆ ಧೈರ್ಯವಾಗಿ ಕಳಿಸಿ ಅಂದಿದ್ದು ನೀನೇ ತಾನೆ?"

"ನಾನೇ ಅತ್ತಿಗೆ. ಕಾಲಿಗೆ ಬೀಳ್ತೀನಿ, ಅವಳನ್ನ ಕರ್ಕೊಂಡು ಬನ್ನಿ."

ಅತ್ತಿಗೆ ಓಡಿಹೋಗಿ ಮಗಳನ್ನು ಎಳೆದುಕೊಂಡು ಬಂದಳು. ಹುಡುಗಿ ಗೇಟಿನ ಸರಳು ಬಿಡಲಿಲ್ಲ. "ಅತ್ತೆ, ನನ್ನ ಫ್ರೆಂಡ್ ಒಳಗೇ ಇದಾಳೆ. ಅವಳನ್ನೂ ಕರಿ."

ಅಷ್ಟರಲ್ಲಿ ಕಾವಲುಗಾರ ಗೇಟು ಹಾಕಿದ. ಅವಳು ಬಡಿದೇ ಬಡಿದಳು. ಕೊನೆಗೆ ಪೊಲೀಸರು ಬಂದು ಅವಳನ್ನು ಜೀಪಿಗೆ ಹತ್ತಿಸಿದರು; ಸಂಜೆಗೆ ಬಿಟ್ಟರು.

ಶಾಲೆ ಮುಚ್ಚಿದ್ದು ಗುರುವಾರ. ಅಷ್ಟರಲ್ಲಿ ಅವಳು ಸೊನ್ನೆಗಳನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಲೆಕ್ಕ ಹಾಕಿದ್ದಳು: ನಲವತ್ತು ಹಾಸಿಗೆ ಬೇಕು. ಸಾಹೇಬರು ಈ ಸಲ ಕೂಡಲೇ ಸಹಿ ಹಾಕಿದರು. ಆದರೆ ಸಿಕ್ಕಿದ್ದು ಹದಿನಾರೇ. ಹತ್ತು ದಿನದಲ್ಲಿ ಮೂವತ್ತೆಂಟು ಮಕ್ಕಳು ಬಂದರು. ಒಂದೊಂದು ಹಾಸಿಗೆಯಲ್ಲಿ ಇಬ್ಬಿಬ್ಬರು, ಮೂವರು. ಅವರಲ್ಲಿ ಅಣ್ಣನ ಮಗಳ ಗೆಳತಿ ಬದುಕಿಕೊಂಡಳು. ಐವರು ಉಳಿಯಲಿಲ್ಲ.

ಆ ಐವರಲ್ಲೊಂದು ಮಗುವಿನ ತಾಯಿ ಕಚೇರಿಗೆ ಬಂದು, ಶಾಲೆ ತೆರೆಸಿದ ಆ ಲೆಕ್ಕ ತೋರಿಸಿ ಅಂದಳು. ಲೆಕ್ಕದ ಮೇಡಂ ಏನನ್ನೂ ಮುಚ್ಚಿಡದೆ ತೋರಿಸಿದಳು. ಕಚೇರಿ ಮುಚ್ಚುವ ಹೊತ್ತಾದರೂ ತಾಯಿ ಪರದೆಯನ್ನು ನೋಡುತ್ತ ಕೂತೇ ಇದ್ದಳು. ಎದ್ದು ಹೋಗಿ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.