ದೊಡ್ಡ ಕೋರ್ಟಿಗೆಂದು ಉಳಿಸಿಟ್ಟ ಕಾಗದ

ಪ್ರಮೋದ ನನ್ನ ತಮ್ಮ ಸೋಮನ ಮಗ. ಅವನು ನನ್ನನ್ನು ದೊಡ್ಡಪ್ಪ ಎಂದು ಕರೆಯುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಸಿದ್ದಾಪುರದ ಕೋರ್ಟಿನ ವರಾಂಡದಲ್ಲಿ ಎದುರಾದರೆ ಗೋಡೆಯ ಕಡೆ ತಿರುಗಿ ಮೊಬೈಲು ನೋಡುತ್ತಿದ್ದ. ನಾನೂ ಅವನು ಕೂತು ಎದ್ದ ಬೆಂಚಿನಲ್ಲಿ ಕೂರುತ್ತಿರಲಿಲ್ಲ.

ಜಗಳ ನನ್ನ ತಂಗಿ ದ್ಯಾವಮ್ಮನ ಮನೆಯದು. ಅವಳ ಗಂಡ ಯಲ್ಲಾಪುರದ ಕಡೆಯವನು, ಬೇಗ ಸತ್ತ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿ ಬಂದವಳಿಗೆ ನಾನೂ ಸೋಮನೂ ಸೇರಿ ಹದಿನೆಂಟು ಗುಂಟೆ ಗದ್ದೆ, ಅದರ ತಲೆಯಲ್ಲಿ ಮನೆ ಕಟ್ಟುವಷ್ಟು ಜಾಗ ಪಾಲು ಬಿಟ್ಟೆವು. ಪಹಣಿ ಮಾತ್ರ ಸೋಮನ ಹೆಸರಿನಲ್ಲೇ ಉಳಿಯಿತು. ಮುಂದೆ ಸೋಮ ಸತ್ತ. ಹೆಸರು ಪ್ರಮೋದನಿಗೆ ಬಂತು. ಅವನು ಜೆಸಿಬಿ ತೆಗೆದುಕೊಂಡಿದ್ದ, ಅದನ್ನು ನಿಲ್ಲಿಸಲು ರಸ್ತೆ ಪಕ್ಕದ ಜಾಗ ಬೇಕಿತ್ತು. ಅತ್ತೆಯನ್ನು ತನ್ನ ಅಪ್ಪ ದಯೆಯಿಂದ ಇರಗೊಟ್ಟದ್ದು, ಈಗ ಬಿಟ್ಟು ಏಳಬೇಕು ಎಂದು ದಾವೆ ಹಾಕಿದ.

ನನಗೆ ಹೆದರಿಕೆ ಇರಲಿಲ್ಲ. ನನ್ನ ಹತ್ತಿರ ಕಾಗದವಿತ್ತು.

ಪಾಲು ಮಾಡಿದ ವರ್ಷವೇ ಊರಿನ ಮಾಸ್ತರರು ಬರೆದುಕೊಟ್ಟ ವಾಟ್ನಿ ಪತ್ರ ಅದು. ಯಾರಿಗೆ ಯಾವ ಗದ್ದೆ, ದ್ಯಾವಮ್ಮನಿಗೆ ಎಷ್ಟು, ಎಲ್ಲ ಅದರಲ್ಲಿತ್ತು. ಕೆಳಗೆ ಸೋಮನ ರುಜು, ನನ್ನ ರುಜು. ನಾನು ಕಲಿತದ್ದು ಮೂರನೆಯ ಇಯತ್ತೆ, ಆದರೂ ಹೆಸರು ಚೆನ್ನಾಗಿ ಬರೆಯುತ್ತೇನೆ. ಕಾಗದ ಮಾಡಿದ ಸಂಗತಿಯನ್ನು ದ್ಯಾವಮ್ಮನಿಗೆ ಹೇಳಿರಲಿಲ್ಲ. ಹೆಂಗಸರಿಗೆ ಅದನ್ನೆಲ್ಲ ಹೇಳುವ ರೂಢಿ ನಮ್ಮಲ್ಲಿರಲಿಲ್ಲ.

ಸಾಕ್ಷಿಯ ದಿನ ಪೆಟ್ಟಿಗೆಯಿಂದ ಅದನ್ನು ತೆಗೆದು, ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಿಯ ಒಳಗಿನ ಕಿಸೆಯಲ್ಲಿ ಇಟ್ಟುಕೊಂಡು ಹೋದೆ. ಕಟಕಟೆ ಹತ್ತಿದೆ. ಪ್ರಮೋದನ ವಕೀಲ ನಾಲ್ಕಾರು ಪ್ರಶ್ನೆ ಕೇಳಿ, ಕೊನೆಗೆ, ದ್ಯಾವಮ್ಮನಿಗೆ ಪಾಲು ಕೊಟ್ಟಿದ್ದಕ್ಕೆ ನಿಮ್ಮ ಹತ್ತಿರ ಯಾವ ಕಾಗದವೂ ಇಲ್ಲ ಅಂದರೆ ನಿಜವೋ ಸುಳ್ಳೋ ಎಂದ. ಪ್ರಮೋದ ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಕಾಗದ ಎದೆಗೆ ಒತ್ತುತ್ತಿತ್ತು.

"ನಿಜ" ಎಂದೆ.

ನ್ಯಾಯಾಧೀಶರು ಅದನ್ನು ಹಾಗೆಯೇ ಟೈಪು ಮಾಡಿಸಿದರು. ನಾನು ರುಜು ಹಾಕಿ ಇಳಿದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಎಲ್ಲರೂ ಕೇಳಿದರು. ನಾನು ನ್ಯಾಯ ಕಲಿತದ್ದು ಕಟ್ಟೆಯ ಮೇಲೆ. ನನ್ನ ಅಪ್ಪನ ಕಾಲದಲ್ಲಿ ಮೊದಲು ಊರ ಕಟ್ಟೆ, ಅದು ಒಪ್ಪಿಗೆಯಾಗದಿದ್ದರೆ ಹನ್ನೆರಡು ಊರಿನ ಸೀಮೆ ಕಟ್ಟೆ. ಸೀಮೆ ಕಟ್ಟೆಯಲ್ಲಿ ಊರ ಕಟ್ಟೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ಎಲೆ ಅಡಿಕೆ ಹೊಸದಾಗಿ ಇಡಬೇಕು, ಇಬ್ಬರೂ ಮೊದಲಿಂದ ಹೇಳಬೇಕು, ಸಾಕ್ಷಿ ಮತ್ತೆ ಕರೆಯಬೇಕು. ಅಪ್ಪ ಒಮ್ಮೆ ಗಡಿಕಲ್ಲಿನ ಜಗಳದಲ್ಲಿ ತನ್ನ ಗಟ್ಟಿ ಸಾಕ್ಷಿಯನ್ನು ಊರ ಕಟ್ಟೆಯಲ್ಲೇ ನಿಲ್ಲಿಸಿಬಿಟ್ಟ. ಎದುರಿನವನು ಸೀಮೆ ಕಟ್ಟೆಗೆ ಬರುವಷ್ಟರಲ್ಲಿ ಆ ಸಾಕ್ಷಿಯನ್ನು ತನ್ನ ಕಡೆ ಮಾಡಿಕೊಂಡಿದ್ದ. ಕಲ್ಲು ಹೋಯಿತು. ಗಟ್ಟಿಯದನ್ನು ಸಣ್ಣ ಕಟ್ಟೆಯಲ್ಲಿ ಬಿಚ್ಚಬೇಡ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಸಿದ್ದಾಪುರ ಸಣ್ಣದು, ಅದರ ಮೇಲೆ ಶಿರಸಿ ಇದೆ ಎಂದು ನನಗೆ ಗೊತ್ತಿತ್ತು. ಕಾಗದ ನೋಡಿದರೆ ಪ್ರಮೋದ ಅದಕ್ಕೊಂದು ಸುಳ್ಳು ಹೊಸೆಯುತ್ತಾನೆ ಎಂದುಕೊಂಡು, ಅದು ಇರುವ ಸಂಗತಿಯನ್ನು ನಮ್ಮ ವಕೀಲರಿಗೂ ಹೇಳಲಿಲ್ಲ.

ಸಿದ್ದಾಪುರದಲ್ಲಿ ಸೋತೆವು. ತೀರ್ಪಿನ ದಿನ ಪ್ರಮೋದ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಎಲ್ಲರಿಗೂ ಚಾ ಕುಡಿಸಿದನಂತೆ. ದ್ಯಾವಮ್ಮ ದಾರಿಯುದ್ದಕ್ಕೂ ಅತ್ತಳು. ಇರಲಿ ಬಿಡು, ಶಿರಸಿಯಲ್ಲಿ ಅವನ ಮುಖ ನೋಡುವಿಯಂತೆ ಎಂದೆ.

ಶಿರಸಿಯಲ್ಲಿ ಅಪೀಲು ಹಾಕಿದ್ದು ಪರಿಮಳಾ ಎಂಬ ವಕೀಲರು. ವಿಚಾರಣೆಗೆ ಎರಡು ದಿನ ಇರುವಾಗ ಅವರ ಆಫೀಸಿಗೆ ಹೋಗಿ, ನನ್ನನ್ನು ಎಷ್ಟು ಹೊತ್ತಿಗೆ ಕರೆಯುತ್ತಾರೆ ಎಂದು ಕೇಳಿದೆ. ಯಾಕೆ ಕರೆಯುತ್ತಾರೆ ಎಂದರು. ಸಾಕ್ಷಿ ಹೇಳಲು ಎಂದು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟೆ. ದ್ಯಾವಮ್ಮ ಪಕ್ಕದಲ್ಲೇ ಕೂತಿದ್ದಳು.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಚನ್ನಯ್ಯನವರೇ, ಇದು ಎಲ್ಲಿತ್ತು?"

"ನನ್ನ ಹತ್ರನೇ ಇತ್ತು."

"ಸಿದ್ದಾಪುರದಲ್ಲಿ ಸಾಕ್ಷಿ ಹೇಳೋವಾಗ?"

"ಕಿಸೆಯಲ್ಲಿತ್ತು."

ಅವರು ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ ಹೇಳಿದರು: "ಹೇಳೋದು ಸಿದ್ದಾಪುರದಲ್ಲಿ ಮಾತ್ರ. ಶಿರಸಿಯಲ್ಲಿ ಅಲ್ಲಿ ಹೇಳಿದ್ದನ್ನ ಓದ್ತಾರೆ, ಸರಿಯಾಗಿ ತೂಗಿದ್ದಾರಾ ಅಂತ ನೋಡ್ತಾರೆ. ಧಾರವಾಡದ ಹೈಕೋರ್ಟಿಗೆ ಹೋದರೆ ಕಾನೂನು ತಪ್ಪಿದೆಯಾ ಅಂತ ಮಾತ್ರ ಕೇಳ್ತಾರೆ. ದಿಲ್ಲಿಯಲ್ಲಿ ನಿಮ್ಮ ಕೇಸು ಕೈಗೆ ತಗೊಳ್ಳೋದೂ ಬಿಡೋದೂ ಅವರ ಇಷ್ಟ. ಮೇಲೆ ಹೋದ ಹಾಗೆ ಬಾಗಿಲು ಕಿರಿದಾಗ್ತದೆ. ನೀವು ಅಗಲ ಇದ್ದ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ಬಂದಿದ್ದೀರಿ."

ದ್ಯಾವಮ್ಮ ಕಾಗದದ ಮೇಲೆ ಕೈಯಿಟ್ಟಳು. ಅವಳಿಗೆ ಓದಲು ಬರುವುದಿಲ್ಲ. ಇದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ವಕೀಲರನ್ನು ಕೇಳಿದಳು. ಅವರು ಬೆರಳಿಟ್ಟು ತೋರಿಸಿದರು. ದ್ಯಾವಮ್ಮ ನನ್ನ ಕಡೆ ತಿರುಗಲಿಲ್ಲ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಬಸ್ಸಿನಲ್ಲೂ ಬೇರೆ ಸೀಟು ಹಿಡಿದಳು.

ಪರಿಮಳಾ ಅವರು ಕಾಗದವನ್ನು ಈಗಲಾದರೂ ತೆಗೆದುಕೊಳ್ಳಿ ಎಂದು ಅರ್ಜಿ ಬರೆದರು. ಮೊದಲೇ ತರಲು ಆಗದಂಥ ಕಾರಣ ಇದ್ದರೆ ಮೇಲಿನ ಕೋರ್ಟು ಕೆಲವು ಸಲ ಒಪ್ಪುತ್ತದಂತೆ. ಕಾಗದ ಕಳೆದುಹೋಗಿತ್ತು, ಮೊನ್ನೆ ಸಿಕ್ಕಿತು ಎಂದು ಬರೆಯಿರಿ ಎಂದೆ. ಸುಳ್ಳು ಬರೆಯುವುದಿಲ್ಲ ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ಸಿದ್ದಾಪುರದಲ್ಲಿ ಆಣೆ ಮಾಡಿ ಸುಳ್ಳು ಹೇಳಿದವನು ನಾನು, ಶಿರಸಿಯಲ್ಲಿ ಸತ್ಯಕ್ಕೆ ಕಟ್ಟುಬಿದ್ದೆ.

ಅರ್ಜಿ ಬಂದ ದಿನ ನ್ಯಾಯಾಧೀಶರು ತಲೆ ಎತ್ತಿ, ಕಾಗದ ಇಟ್ಟುಕೊಂಡವರು ಬಂದಿದ್ದಾರೆಯೇ ಎಂದರು. ನಾನು ಎದ್ದು ಕೈ ಮುಗಿದೆ. ಕೆಳಗಿನ ಕೋರ್ಟಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದರು.

"ನಿಮಗೆ ಅಂತಲೇ ಇಟ್ಟಿದ್ದೆ ಸ್ವಾಮಿ" ಎಂದೆ.

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕಾಗದವೇ ಇಲ್ಲವೆಂದು ಆಣೆ ಮಾಡಿ ಹೇಳಿದವರು ನೀವೇ ಅಲ್ಲವೇ ಎಂದರು. ಹೌದು ಎಂದೆ. ಅರ್ಜಿ ವಜಾ ಆಯಿತು, ಅದರ ಹಿಂದೆಯೇ ಅಪೀಲೂ.

ಧಾರವಾಡದಲ್ಲಿ ನಮ್ಮ ಸರದಿ ಬಂದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಗೋಡೆಗೆ ಒರಗಿ ಕೂತಿದ್ದೆ. ಇದರಲ್ಲಿ ಕಾನೂನಿನ ಪ್ರಶ್ನೆ ಏನಿದೆ ಎಂದು ಕೇಳಿದರಂತೆ, ಅಲ್ಲಿನ ವಕೀಲ ಏನೋ ಹೇಳಿದನಂತೆ, ಇಲ್ಲ ಎಂದರಂತೆ. ಹೊರಗೆ ಬಂದು ಅವನು, ಆಯ್ತು ಯಜಮಾನ್ರೆ, ಊರಿಗೆ ಹೋಗ್ರಿ ಎಂದ. ದಿಲ್ಲಿಯ ಮಾತು ಯಾರೂ ಎತ್ತಲಿಲ್ಲ.

ಎರಡು ತಿಂಗಳಿಗೆ ಕೋರ್ಟಿನ ಅಮೀನ ಕಬ್ಜಾ ವಾರಂಟು ಹಿಡಿದು ಬಂದ. ಹಿಂದೆ ಪ್ರಮೋದನ ಜೆಸಿಬಿ. ದ್ಯಾವಮ್ಮ ಪಾತ್ರೆ, ಚಾಪೆ, ಒನಕೆಯನ್ನು ಆಗಲೇ ಅಂಗಳಕ್ಕೆ ತಂದಿಟ್ಟಿದ್ದಳು. ಮಗಳು ಯಲ್ಲಾಪುರದಿಂದ ಟೆಂಪೋ ಕಳಿಸಿದ್ದಳು. ನಮ್ಮ ಮನೆಗೆ ಬಾ ಎಂದು ನಾನು ಮೂರು ಸಲ ಹೇಳಿದೆ. ಅವಳು ಒನಕೆಗೆ ಹಗ್ಗ ಸುತ್ತುತ್ತಿದ್ದಳು.

ಕೊನೆಗೆ ನಾನು ವಾಟ್ನಿ ಪತ್ರ ತೆಗೆದು ಪ್ರಮೋದನ ಮುಂದೆ ಹಿಡಿದೆ. ನಿನ್ನ ಅಪ್ಪನ ರುಜು ನೋಡು ಎಂದೆ. ಅವನು ಮುಟ್ಟಲಿಲ್ಲ.

"ನೋಡಿದ್ದೆ, ದೊಡ್ಡಪ್ಪ. ಅಪ್ಪ ಇದ್ದಾಗಲೇ ತನ್ನ ಹತ್ರ ಇದ್ದ ಪ್ರತಿ ತೋರಿಸಿದ್ದ. ನೀನು ಕಟಕಟೆ ಹತ್ತಿದ ದಿನ ನಿನ್ನ ಕೈಯನ್ನೇ ನೋಡ್ತಾ ಕೂತಿದ್ದೆ, ಈಗ ತೆಗೀತಾನೆ, ಈಗ ತೆಗೀತಾನೆ ಅಂತ. ನೀನು ತೆಗೀಲೇ ಇಲ್ಲೆ. ನನ್ನ ವಕೀಲ್ರಿಗಿಂತ ನೀನೇ ನಂಗೆ ಹೆಚ್ಚು ದುಡಿದೆ."

ಅಷ್ಟು ವರ್ಷದ ಮೇಲೆ ದೊಡ್ಡಪ್ಪ ಎಂದಿದ್ದ. ಜೆಸಿಬಿ ಓಡಿಸುವವನು ಬೇರೆ ಕಡೆ ನೋಡಿದ. ನನಗೆ ಪ್ರಮೋದನಿಗೆ ಹೊಡೆಯಬೇಕೆನಿಸಿತು, ಕೈ ಏಳಲಿಲ್ಲ.

ಅಮೀನನಿಗೆ ಊಟದ ಹೊತ್ತಾಗಿತ್ತು. ಜಾಗ ಖಾಲಿಯಾಯಿತು, ಇವರಿಗೆ ಕೊಟ್ಟಾಯಿತು ಎಂದು ಬರೆದು ಇಬ್ಬರು ಪಂಚರ ರುಜು ಬೇಕೆಂದ. ಜೆಸಿಬಿಯವನು ಒಂದು ಹಾಕಿದ. ಕೇರಿಯವರು ಬೇಲಿಯ ಆಚೆ ನಿಂತಿದ್ದರು, ಯಾರೂ ಮುಂದೆ ಬರಲಿಲ್ಲ. ಪ್ರಮೋದ ಇಬ್ಬರನ್ನು ಹೆಸರು ಹಿಡಿದು ಕರೆದ, ಅವರು ಹಿಂದೆ ಸರಿದರು. ಅಮೀನ, ರುಜು ಬರುವವರು ಊರಲ್ಲಿ ಒಬ್ಬರೂ ಇಲ್ಲವೇ ಎಂದು ರೇಗಿದ.

ದ್ಯಾವಮ್ಮ ಟೆಂಪೋ ಹತ್ತಲು ಕಾಲಿಟ್ಟವಳು ನಿಂತಳು. ಶಿರಸಿಯ ಆ ದಿನದ ನಂತರ ನನ್ನ ಕಡೆ ಆಡಿದ ಮೊದಲ ಮಾತು ಅದು.

"ನೀನೇ ಹಾಕು ಅಣ್ಣ. ಕೇಳಿದ ಜಾಗದಲ್ಲಿ ಒಂದ್ಸಲನಾದ್ರೂ ಹಾಕು."

ಅಮೀನ ಹಾಳೆಯನ್ನು ಜೆಸಿಬಿಯ ಚಕ್ರದ ಮೇಲೆ ಬಿಡಿಸಿ ಪೆನ್ನು ಕೊಟ್ಟ. ಎಡಗೈಯಲ್ಲಿ ವಾಟ್ನಿ ಪತ್ರ ಇನ್ನೂ ಇತ್ತು. ಬಲಗೈಯಲ್ಲಿ ಹೆಸರು ಬರೆದೆ. ಅಕ್ಷರ ಎರಡು ಕಡೆಯೂ ಒಂದೇ ಥರ ಇತ್ತು. ತಲೆ ಎತ್ತುವ ಹೊತ್ತಿಗೆ ಟೆಂಪೋ ತಿರುವು ದಾಟಿತ್ತು.