ನಗುವಿಗೆ ಬಿಟ್ಟ ಜಾಗ

ಸಿನಿಮಾ ಮೂರೇ ದಿನಕ್ಕೆ ಮಕಾಡೆ ಮಲಗಿತು. ನಾಲ್ಕನೆಯ ದಿನ ಥಿಯೇಟರಿನವರು ಅದರ ಪೋಸ್ಟರಿನ ಮೇಲೆ ಇನ್ನೊಂದು ಸಿನಿಮಾದ ಪೋಸ್ಟರ್ ಅಂಟಿಸಿದರು. ಹೊಸದು ಅಗಲ ಸಾಲದೆ ಅಣ್ಣನ ಒಂದು ಕಿವಿ ಮಾತ್ರ ಪಕ್ಕದಲ್ಲಿ ಇಣುಕುತ್ತಿತ್ತಂತೆ. ಇದನ್ನು ನೋಡಿ ಬಂದು ಹೇಳುವ ಪುಣ್ಯಾತ್ಮರಿಗೇನೂ ಕಡಿಮೆ ಇರಲಿಲ್ಲ.

ಅಣ್ಣ ತಮ್ಮ ಇಬ್ಬರೂ ಇಪ್ಪತ್ತೆಂಟು ವರ್ಷದಿಂದ ವೇದಿಕೆಯ ಮೇಲೆ ಜನರನ್ನು ನಗಿಸುತ್ತಾ ಬಂದವರು. ಅಣ್ಣ ಒಂದೇ ಸಮನೆ ಮಾತಾಡುವವನು, ತಮ್ಮ ಪಕ್ಕದಲ್ಲಿ ನಿಂತು 'ಹೂಂ' ಅನ್ನುವವನು. ಜನ ಇಟ್ಟ ಹೆಸರು ವಟವಟ-ಹೂಂ. ಹೂಂ ಅನ್ನುವುದೇನು ಮಹಾ ಎನ್ನುವವರು ಒಮ್ಮೆ ಅಂದು ನೋಡಬೇಕು. ತುಸು ಮುಂಚೆ ಅಂದರೆ ಜೋಕು ಸಾಯುತ್ತದೆ, ತುಸು ತಡವಾದರೆ ಹೂಂ ಅಂದವನೇ ಸಾಯುತ್ತಾನೆ.

ಏಳು ವರ್ಷ ಕನಸು ಕಂಡು ಇಬ್ಬರೂ ತೆಗೆದ ಸಿನಿಮಾ ಅದು. ಬಸ್ ನಿಲ್ದಾಣದಲ್ಲಿ ಜನ ಕಳೆದುಕೊಂಡ ಸಾಮಾನುಗಳನ್ನು ಕಾದಿಡುವ ಒಂದು ಕಚೇರಿ, ಅದರಲ್ಲಿ ಇಬ್ಬರು ಗುಮಾಸ್ತರು, ಅಷ್ಟೇ ಕಥೆ. ಗುಮಾಸ್ತರಾದವರೂ ಇವರೇ. ಬರೆದವನು ಅಣ್ಣ. ಎಡಿಟಿಂಗ್ ಮಾಡಿದವನು ತಮ್ಮ. ಕೆಟ್ಟದ್ದು ಅಲ್ಲೇ ಎಂಬುದು ತಮ್ಮನಿಗೆ ಮೊದಲ ದಿನವೇ ಗೊತ್ತಾಗಿತ್ತು.

ವೇದಿಕೆಯ ಮೇಲೆ ಒಂದು ಜೋಕು ಹೇಳಿದ ಮೇಲೆ ಕಾಯಬೇಕು. ಜನ ನಕ್ಕು ಮುಗಿಸಿದ ಮೇಲೆ ಮುಂದಿನ ಮಾತು. ಸಿನಿಮಾದಲ್ಲೂ ತಮ್ಮ ಹಾಗೇ ಮಾಡಿದ್ದ. ಪ್ರತಿ ಜೋಕಿನ ಹಿಂದೆ ಆರು ಸೆಕೆಂಡು ನಗುವಿಗೆ ಜಾಗ ಬಿಟ್ಟಿದ್ದ. ಆ ಹೊತ್ತಿನಲ್ಲಿ ತೆರೆಯ ಮೇಲೆ ಗುಮಾಸ್ತರು ಸುಮ್ಮನೆ ಮುಖ ಮುಖ ನೋಡಿಕೊಳ್ಳುತ್ತಾರೆ, ಡ್ರಾಯರ್ ಮುಚ್ಚುತ್ತಾರೆ. ಇಂಥವು ನೂರಾ ನಲವತ್ತು ಕಡೆ, ಒಟ್ಟು ಹದಿನಾಲ್ಕು ನಿಮಿಷ. ಖಾಲಿ ಥಿಯೇಟರಿನಲ್ಲಿ ಆರು ಸೆಕೆಂಡು ಎಷ್ಟು ಉದ್ದ ಎಂಬುದು ಅಲ್ಲಿ ಕೂತವನಿಗೇ ಗೊತ್ತು. ನಕ್ಕ ನಾಲ್ಕು ಜನರೂ ನಕ್ಕು ಮುಗಿಸಿ ಕೆಮ್ಮಿ ಕಾಯುತ್ತಿದ್ದರು. ಒಬ್ಬ ವಿಮರ್ಶಕ ಬರೆದ: 'ಇದು ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಬಸ್ಸು; ಹತ್ತುವವರು ಮಾತ್ರ ಯಾರೂ ಇಲ್ಲ.' ಒಳ್ಳೆಯ ಜೋಕು. ತಮ್ಮನಿಗೆ ಹೊಟ್ಟೆ ಉರಿದದ್ದೂ ಅದಕ್ಕೇ.

ಅಂದಿನಿಂದ ಅಣ್ಣ ಮಾತು ಬಿಟ್ಟ. ಮನೆಯ ಕುಂಟು ಕುರ್ಚಿಗಳನ್ನೆಲ್ಲ ಹಿತ್ತಿಲಿಗೆ ಹಾಕಿಕೊಂಡು ರಿಪೇರಿಗೆ ಕೂತ. ಊಟಕ್ಕೆ ಬಾ ಅಂದರೆ ಹೂಂ. ಶುಕ್ರವಾರದ ಕಾರ್ಯಕ್ರಮ ರದ್ದು ಮಾಡಲಾ ಅಂದರೆ ಹೂಂ. ಮೊಬೈಲಿನಲ್ಲಿ ಸಿನಿಮಾ ತೋರಿಸುವ ಕಂಪನಿಯವರು ಫೋನು ಮಾಡಿ, ಆ ಹದಿನಾಲ್ಕು ನಿಮಿಷ ತೆಗೆದು ಇವತ್ತು ಸಂಜೆ ಐದರೊಳಗೆ ಕಳಿಸಿದರೆ ತಗೊಳ್ಳುತ್ತೇವೆ, ಇಲ್ಲವಾದರೆ ಇಲ್ಲ ಅಂದರು. ಅದಕ್ಕೂ ಹೂಂ. ಸಿನಿಮಾ ಉಳಿಯಬೇಕಾದರೆ ಇದೊಂದೇ ದಾರಿ. ಇಪ್ಪತ್ತೆಂಟು ವರ್ಷ ತನ್ನದಾಗಿದ್ದ ಹೂಂ ಅಣ್ಣನ ಬಾಯಲ್ಲಿ ಕೇಳುವುದು ತಮ್ಮನಿಗೆ ಸಹಿಸಲಾಗಲಿಲ್ಲ.

ಅದೇ ದಿನ ಮಧ್ಯಾಹ್ನ ಅವನು ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮೊದಲ ಜಾಗಕ್ಕೆ ಗುರುತು ಹಾಕುತ್ತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅತ್ತೆ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿದವಳು, ಅಪ್ಪನ ಅಕ್ಕ. ಸಿನಿಮಾ ಬಿಡುಗಡೆಯಾದ ವಾರವೇ ಅವಳಿಗೆ ಮಂಡಿ ಆಪರೇಷನ್ ಆಗಿತ್ತು. ಅವಳು ಎದ್ದು ಓಡಾಡುವ ಹೊತ್ತಿಗೆ ಸಿನಿಮಾ ಬಿದ್ದು ಆಗಿತ್ತು.

"ಏನ್ ಮಾಡ್ತಿದೀಯೋ?"

"ಕತ್ತರಿಸ್ತಿದೀನಿ ಅತ್ತೆ. ಉದ್ದ ಆಯ್ತಂತೆ."

"ನಾನಿನ್ನೂ ನೋಡೇ ಇಲ್ವಲ್ಲೋ. ಕೊಯ್ಯೋಕ್ ಮುಂಚೆ ಒಂದ್ಸಲ ತೋರ್ಸು."

"ನೋಡೋ ಹಾಗಿಲ್ಲ ಬಿಡು. ಊರೇ ಉಗೀತು."

"ನಿಮಗೆ ಉಗಿಯೋ ಕೆಲಸ ಚಿಕ್ಕಂದಿನಿಂದ ನಂದು. ಊರವರಿಗ್ಯಾಕೆ? ಹಾಕೋ."

ಅತ್ತೆ ಬಲಗಡೆಯ ಕುರ್ಚಿಯಲ್ಲಿ ಕಾಲು ನೀಡಿ ಕೂತಳು. ಎಡಗಡೆಯ ಕುರ್ಚಿ ಖಾಲಿ. ತಮ್ಮ ಅವಳ ಹಿಂದೆ ಸ್ಟೂಲು ಎಳೆದುಕೊಂಡ.

ತೆರೆಯ ಮೇಲೆ ಒಬ್ಬ ಮುದುಕ ಕಚೇರಿಗೆ ಬಂದು, ಹಲ್ಲಿನ ಸೆಟ್ಟು ಬಸ್ಸಲ್ಲಿ ಕಳೆದುಹೋಯಿತು ಅನ್ನುತ್ತಾನೆ. ಗುಮಾಸ್ತ ಮೂರು ಸೆಟ್ಟು ತಂದು ಮುಂದಿಡುತ್ತಾನೆ. ಮುದುಕ ಒಂದೊಂದಾಗಿ ಹಾಕಿ ನೋಡಿ, ಮೂರನೆಯದನ್ನು ತೆಗೆದು ಕೊಟ್ಟುಬಿಡುತ್ತಾನೆ. 'ಇದು ಸರಿಯಾಗಿ ಕೂತ್ಕೊಳ್ತು. ಆದ್ರೆ ನಂದಲ್ಲ.' 'ಹೇಗ್ ಹೇಳ್ತೀರಿ?' 'ನಂದು ಯಾವತ್ತೂ ಸರಿಯಾಗಿ ಕೂತಿರ್ಲಿಲ್ಲ.'

ಅತ್ತೆ ನಕ್ಕಳು. ಅವಳ ನಗು ಒಂದೇ ಸಲ ಬರುವುದಲ್ಲ. ಕುಕ್ಕರ್ ಕೂಗುವುದಕ್ಕೆ ಮುಂಚೆ ಬರುವಂಥ ಒಂದು ಸುಯ್, ಆಮೇಲೆ ಮೂರು ಸಲ ಜೋರಾಗಿ, ಆಮೇಲೆ 'ಅಯ್ಯೋ ಶಿವನೇ'. ಅವಳು ಉಸಿರು ಎಳೆದುಕೊಂಡಳು, ಎಡಕ್ಕೆ ತಿರುಗಿದಳು, ಮತ್ತೆ ತೆರೆ ನೋಡಿದಳು. ಗುಮಾಸ್ತ ಮುಂದಿನ ಮಾತು ಆಡಿದ.

ತಮ್ಮನಿಗೆ ಮೊದಲು ಏನೂ ಹೊಳೆಯಲಿಲ್ಲ. ಎರಡನೆಯ ಜೋಕಿಗೂ ಹಾಗೇ ಆಯಿತು. ಸುಯ್, ಮೂರು ಸಲ, ಅಯ್ಯೋ ಶಿವನೇ, ಎಡಕ್ಕೆ ತಿರುಗಿದಳು, ಮುಂದಿನ ಮಾತು. ಐದನೆಯದಕ್ಕೆ ಅವನು ಸ್ಟೂಲಿನ ಅಂಚಿಗೆ ಬಂದ. ಹತ್ತನೆಯದಕ್ಕೆ ಎದ್ದೇ ನಿಂತ. ಒಂದು ಮಾತೂ ಅವಳ ನಗುವಿನ ಅಡಿಗೆ ಬೀಳಲಿಲ್ಲ, ಒಂದೂ ತಡವಾಗಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಸಿನಿಮಾ ಅವಳ ಮೈಗೆ ಕೂತಿತ್ತು. ಯಾರೂ ಅಳತೆ ಕೊಟ್ಟಿರಲಿಲ್ಲ. ಆರು ಸೆಕೆಂಡೆಂಬುದು ಆಮೇಲೆ ಅಳೆದಾಗ ಸಿಕ್ಕ ಲೆಕ್ಕ; ಮಾಡುವಾಗ ಅವನು ಏನೂ ಎಣಿಸಿರಲಿಲ್ಲ, ಕೈಗೆ ತಿಳಿದ ಕಡೆ ನಿಲ್ಲಿಸುತ್ತಾ ಹೋಗಿದ್ದ, ಅಷ್ಟೇ. ಕೈಗೆ ತಿಳಿದಿದ್ದು ಇದಾ? ತನ್ನ ಎರಡು ಕೈಗಳನ್ನೂ ಬೇರೆ ಯಾರದೋ ಎಂಬಂತೆ ನೋಡಿಕೊಂಡ.

ಆದರೆ ಅವಳ ನಗು ನಾಲ್ಕೇ ಸೆಕೆಂಡು. ತೆರೆಯ ಮೂಲೆಯಲ್ಲಿ ಓಡುತ್ತಿದ್ದ ಅಂಕಿಗಳನ್ನು ನೋಡಿ ಅವನು ಖಾತ್ರಿ ಮಾಡಿಕೊಂಡ. ಹಾಗಾದರೆ ಉಳಿದ ಎರಡು?

ಹಿತ್ತಿಲಲ್ಲಿ ಸುತ್ತಿಗೆಯ ಸದ್ದು ಯಾವಾಗಲೋ ನಿಂತಿತ್ತು. ಅಣ್ಣ ಬಂದು ಬಾಗಿಲಿಗೆ ಒರಗಿದ್ದ. ಮೂರೂ ಜನ ಕೊನೆಯವರೆಗೆ ನೋಡಿದರು. ನೂರಾ ನಲವತ್ತು ಸಲ ಅತ್ತೆ ನಕ್ಕಳು, ನೂರಾ ನಲವತ್ತು ಸಲ ಎಡಕ್ಕೆ ತಿರುಗಿದಳು.

ಮುಗಿದ ಮೇಲೆ ಕಣ್ಣು ಒರೆಸಿಕೊಂಡಳು. "ಎಷ್ಟ್ ಚೆನ್ನಾಗಿ ಮಾಡಿದೀರೋ. ನಿಮ್ಮ ಮಾವನಿಗೂ ಜಾಗ ಬಿಟ್ಟಿದೀರಲ್ಲ."

ಅಣ್ಣ ತಮ್ಮ ಇಬ್ಬರೂ ತೆರೆಯ ಗುಮಾಸ್ತರ ಹಾಗೇ ಮುಖ ಮುಖ ನೋಡಿಕೊಂಡರು.

"ಅಲ್ವೇನೋ? ಅಡುಗೆಮನೇಲಿ ನೀವಿಬ್ರೂ ಕುಣಿಯೋವಾಗ ಅವರು ನನ್ನ ಎಡಗಡೆ ತಾನೇ ಕೂತ್ಕೊಳ್ತಿದ್ದಿದ್ದು? ಕಾರ್ಖಾನೆ ಸದ್ದಿಗೆ ಕಿವಿ ಹೋಗಿತ್ತು ಪಾಪ. ನೀವ್ ಹೇಳಿದ್ದು ಒಂದಕ್ಷರ ಕೇಳ್ತಿರ್ಲಿಲ್ಲ. ನಾನು ನಕ್ಕು ತಿರುಗಿದ ಮೇಲೆ, ನನ್ನ ಮುಖ ನೋಡಿ ನಗೋರು. ಅವರು ನಗೋ ತನಕ ನೀವು ಮುಂದಿನ ಮಾತು ಆಡ್ತಾನೇ ಇರ್ಲಿಲ್ಲ."

ಮಾವ ಹೋಗಿ ಹನ್ನೊಂದು ವರ್ಷವಾಗಿತ್ತು. ಅವರ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ತಮ್ಮನಿಗೆ ಅದು ಪೂರ್ತಿ ಮರೆತುಹೋಗಿತ್ತು. ಮರೆತವನ ಕೈಯಿಂದಲೇ ಅವರು ನೂರಾ ನಲವತ್ತು ಸಲ ತಮಗೆ ಜಾಗ ಬಿಡಿಸಿಕೊಂಡಿದ್ದರು. ಅವನಿಗೆ ಅಳು ಬಂತು, ಅಳುವಿಗಿಂತ ದೊಡ್ಡ ಬೆರಗು ಬಂತು. ಇಪ್ಪತ್ತೆಂಟು ವರ್ಷ ವೇದಿಕೆಯ ಮೇಲೆ ಅಣ್ಣತಮ್ಮಂದಿರು ಕಾಯುವ ತಾಳ್ಮೆಯನ್ನು ಜನ ಹೊಗಳಿದ್ದರು. ಅದು ತಾಳ್ಮೆಯಾಗಿರಲಿಲ್ಲ, ಒಬ್ಬರಿಗಾಗಿ ಕಾಯುವುದಾಗಿತ್ತು.

ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ಮೊದಲ ಜಾಗಕ್ಕೆ ಹಾಕಿದ್ದ ಗುರುತನ್ನು ತಮ್ಮ ಅಳಿಸಿದ.

"ಅಣ್ಣ, ಕತ್ತರಿಸದೇ ಇದ್ರೆ ಇದನ್ನ ಯಾರೂ ನೋಡಲ್ಲ."

"ನೋಡಿದ್ರಲ್ಲ," ಅಂದ ಅಣ್ಣ. ಎಷ್ಟೋ ದಿನಕ್ಕೆ ಹೂಂ ಅಲ್ಲದ ಮೊದಲ ಮಾತು.

"ಫೋನ್ ಮಾಡ್ತಾರೆ. ಏನ್ ಹೇಳ್ಲಿ?"

ಅಣ್ಣ ಒಳಗೆ ಬಂದು ಎಡಗಡೆಯ ಖಾಲಿ ಕುರ್ಚಿಯ ಹಿಂದೆ ನಿಂತ. ಗುಮಾಸ್ತನ ದನಿ ತೆಗೆದ. "ಹದಿನಾಲ್ಕು ನಿಮಿಷ ಸಿಕ್ಕಿದ್ದು ನಿಜ ಸ್ವಾಮಿ. ಆದ್ರೆ ವಾರಸುದಾರರು ಬಂದು ಗುರುತು ಹೇಳಿ ತಗೊಂಡು ಹೋದ್ರು. ನಿಮ್ಮದೇನಾದ್ರೂ ಕಳೆದುಹೋಗಿದ್ರೆ ಶುಕ್ರವಾರ ಬನ್ನಿ, ಕಾರ್ಯಕ್ರಮ ಇದೆ, ಹುಡುಕಿ ಕೊಡ್ತೀವಿ."

ಅತ್ತೆ ನಕ್ಕಳು. ಸುಯ್, ಮೂರು ಸಲ, ಅಯ್ಯೋ ಶಿವನೇ. ಎಡಕ್ಕೆ ತಿರುಗಿದಳು.

ಇಬ್ಬರೂ ಕಾದರು. ಒಂದು. ಎರಡು.

"ಹೂಂ," ಅಂದ ತಮ್ಮ.